ಅಮೆರಿಕದ ಕಪ್ಪು ಆಟಗಾರರು ಮತ್ತು ಮುಚ್ಚಿದ ಬಾಗಿಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಟದ ಇತಿಹಾಸದಲ್ಲಿ ‘ಮೊದಲ ಕಪ್ಪು ಆಟಗಾರ’ ಅನ್ನುವ ಮಾತು ತುಂಬಾ ಸಲ ಬರುತ್ತದೆ. ಅದನ್ನು ಓದಿದವರಿಗೆ ಬಾಗಿಲು ಮೊದಲಿನಿಂದಲೂ ಮುಚ್ಚಿತ್ತು, ಯಾರೋ ಒಬ್ಬರು ಬಂದು ತೆಗೆದರು ಅನ್ನಿಸುತ್ತದೆ. ಅಮೆರಿಕದಲ್ಲಿ ನಡೆದದ್ದು ಹಾಗಲ್ಲ. ಕುದುರೆ ರೇಸು, ಸೈಕಲ್ ರೇಸು, ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್, ಇವೆಲ್ಲದರಲ್ಲೂ ಕಪ್ಪು ಆಟಗಾರರು ಶುರುವಿನಲ್ಲೇ ಇದ್ದರು. ಗೆಲ್ಲುತ್ತಲೂ ಇದ್ದರು. ಆಮೇಲೆ ಅವರನ್ನು ಹೊರಗೆ ಹಾಕಲಾಯಿತು. ಈ ಒಂದು ವಿಷಯ ತಿಳಿದರೆ ಉಳಿದ ಕಥೆಯೆಲ್ಲ ಬೇರೆ ಥರ ಕಾಣುತ್ತದೆ.

ಜಾಕಿ ರಾಬಿನ್ಸನ್ ಅವರೇ ಅಲ್ವಾ ಮೇಜರ್ ಲೀಗ್ ಬೇಸ್‌ಬಾಲ್ ಆಡಿದ ಮೊದಲ ಕಪ್ಪು ಆಟಗಾರ?

ಅಲ್ಲ. ಅವರು ಬಂದದ್ದು 1947ರಲ್ಲಿ. ಅದಕ್ಕೂ 63 ವರ್ಷ ಮೊದಲು, 1884ರಲ್ಲಿ, ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬುವರು ಟೊಲೀಡೊ ತಂಡಕ್ಕೆ ಆಡಿದ್ದರು. ಆ ತಂಡ ಅಮೆರಿಕನ್ ಅಸೋಸಿಯೇಷನ್‌ನಲ್ಲಿತ್ತು. ಆಗ ಅದೂ ಮೇಜರ್ ಲೀಗೇ, ಅಂದರೆ ಎಲ್ಲಕ್ಕಿಂತ ಮೇಲಿನ ಮಟ್ಟದ ಲೀಗ್. ವಾಕರ್ ಕ್ಯಾಚರ್ ಆಗಿದ್ದರು, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು. ಆ ಕಾಲಕ್ಕೆ ಸರಿಯಾದ ಗ್ಲವ್ಸ್ ಕೂಡ ಇರಲಿಲ್ಲ. ಆ ವರ್ಷ ಅವರು 42 ಪಂದ್ಯ ಆಡಿದರು. ಅವರ ತಮ್ಮ ವೆಲ್ಡಿ ವಾಕರ್ ಕೂಡ ಅದೇ ತಂಡಕ್ಕೆ ಕೆಲವು ಪಂದ್ಯ ಆಡಿದರು.

ಹಾಗಂತ ರಾಬಿನ್ಸನ್ ಮಾಡಿದ್ದು ಚಿಕ್ಕದಾಗುವುದಿಲ್ಲ. ಯಾರೋ ಬೇಕಂತಲೇ ಹಾಕಿದ್ದ ಬೀಗವನ್ನು ಅವರು ಒಡೆದರು. ನನ್ನ ಮಟ್ಟಿಗೆ ಅದು ಇನ್ನೂ ದೊಡ್ಡ ಕೆಲಸ.

ಹೊರಗೆ ಹಾಕಿದ್ದು ಯಾವ ಕಾನೂನಿನಿಂದ?

ಬೇಸ್‌ಬಾಲ್‌ನಲ್ಲಿ ಅಂಥ ಕಾನೂನು ಇರಲೇ ಇಲ್ಲ. 1887ರ ಜುಲೈ 14ರಂದು, ಮೇಜರ್ ಲೀಗಿಗಿಂತ ಕೆಳಗಿನ ಮಟ್ಟದ ಇಂಟರ್‌ನ್ಯಾಷನಲ್ ಲೀಗ್‌ನ ಮಾಲೀಕರು ಸೇರಿ, ಕಪ್ಪು ಆಟಗಾರರ ಜೊತೆ ಇನ್ನು ಹೊಸ ಒಪ್ಪಂದ ಮಾಡಿಕೊಳ್ಳುವುದು ಬೇಡ ಎಂದು ಮತ ಹಾಕಿದರು. ಆಗಿನ ಬಹು ದೊಡ್ಡ ಹೆಸರು, ಶಿಕಾಗೊ ತಂಡದ ಕ್ಯಾಪ್ ಆನ್ಸನ್, ಕಪ್ಪು ಆಟಗಾರ ಇರುವ ಮೈದಾನಕ್ಕೆ ಇಳಿಯುವುದಿಲ್ಲ ಎಂದು ಹಟ ಹಿಡಿಯುತ್ತಿದ್ದರು. ಮೇಜರ್ ಲೀಗ್‌ಗಳ ನಿಯಮದ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಮಾಲೀಕರು ಒಳಗೊಳಗೇ ಒಪ್ಪಿಕೊಂಡಿದ್ದರು, ಅಷ್ಟೆ. ಬರೆದ ನಿಯಮವಾದರೆ ಕೋರ್ಟಿಗೆ ಹೋಗಬಹುದಿತ್ತು. ಬಾಯಿಮಾತಿನ ಒಪ್ಪಂದವನ್ನು ಯಾರ ಮುಂದೆ ಪ್ರಶ್ನೆ ಮಾಡುವುದು? ಅದಕ್ಕೇ ಅದು 60 ವರ್ಷ ನಡೆಯಿತು.

ಹೊರಗಿನ ಗಾಳಿಯೂ ಹಾಗೇ ಇತ್ತು. ದಕ್ಷಿಣದ ರಾಜ್ಯಗಳು ರೈಲು, ಶಾಲೆ, ಹೋಟೆಲ್ ಎಲ್ಲವನ್ನೂ ಬಣ್ಣದ ಮೇಲೆ ಬೇರೆ ಮಾಡುತ್ತಿದ್ದ ಕಾಲ ಅದು. 1896ರಲ್ಲಿ ಸುಪ್ರೀಂ ಕೋರ್ಟೇ ಅದಕ್ಕೆ ಒಪ್ಪಿಗೆ ಕೊಟ್ಟುಬಿಟ್ಟಿತು.

ಕುದುರೆ ರೇಸಿನಲ್ಲಿ ಕಪ್ಪು ಜಾಕಿಗಳು ನಿಜವಾಗಿಯೂ ಅಷ್ಟು ಜನ ಇದ್ದರಾ?

ಇದ್ದರು. ಕೆಂಟಕಿ ಡರ್ಬಿ ಮೊದಲ ಸಲ ನಡೆದದ್ದು 1875ರ ಮೇ 17ರಂದು, ಲೂಯಿವಿಲ್‌ನಲ್ಲಿ. ಅವತ್ತು ಓಡಿದ 15 ಕುದುರೆಗಳಲ್ಲಿ 13ರ ಮೇಲೆ ಕಪ್ಪು ಜಾಕಿಗಳಿದ್ದರು. ಗೆದ್ದ ಕುದುರೆ ಆರಿಸ್ಟೈಡೀಸ್, ಜಾಕಿ ಆಲಿವರ್ ಲೂಯಿಸ್. ಅದನ್ನು ಪಳಗಿಸಿದ ಆನ್ಸೆಲ್ ವಿಲಿಯಮ್ಸನ್ ಹುಟ್ಟಿದ್ದು ಗುಲಾಮರಾಗಿ. ಮೊದಲ 28 ಡರ್ಬಿಗಳಲ್ಲಿ 15ನ್ನು ಕಪ್ಪು ಜಾಕಿಗಳೇ ಗೆದ್ದರು.

ಇದಕ್ಕೆ ಕಾರಣವಿದೆ. ದಕ್ಷಿಣದ ಜಮೀನುದಾರರ ಲಾಯಗಳಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು, ಪಳಗಿಸುತ್ತಿದ್ದವರು, ಸವಾರಿ ಮಾಡುತ್ತಿದ್ದವರು ಗುಲಾಮರು. ಗುಲಾಮಗಿರಿ ಹೋದಮೇಲೂ ಆ ಕಸುಬು ಅವರ ಕೈಯಲ್ಲೇ ಉಳಿಯಿತು. ಐಸಾಕ್ ಮರ್ಫಿ 1884, 1890, 1891ರಲ್ಲಿ ಹೀಗೆ ಮೂರು ಡರ್ಬಿ ಗೆದ್ದರು. ಓಡಿಸಿದ ರೇಸುಗಳಲ್ಲಿ ಮೂರಕ್ಕೆ ಒಂದರಂತೆ ಗೆದ್ದವರು ಅವರು. 35ನೇ ವಯಸ್ಸಿಗೇ ತೀರಿಕೊಂಡರು.

ರೇಸಿನಲ್ಲಿ ದುಡ್ಡು ಬೆಳೆಯಿತು. ಬಿಳಿ ಜಾಕಿಗಳಿಗೆ ಆ ಕೆಲಸ ಬೇಕಾಯಿತು. ಓಟದ ಮಧ್ಯೆಯೇ ಕಪ್ಪು ಜಾಕಿಯ ಕುದುರೆಯನ್ನು ಬೇಲಿಗೆ ಒತ್ತುವುದು, ಚಾವಟಿ ಬೀಸುವುದು ಶುರುವಾಯಿತು. ಕುದುರೆಗೆ ಪೆಟ್ಟಾಗುತ್ತದೆ ಎಂದು ಮಾಲೀಕರು ಕಪ್ಪು ಜಾಕಿಗಳನ್ನು ಕರೆಯುವುದನ್ನೇ ಬಿಟ್ಟರು.

ಜಿಮ್ಮಿ ವಿಂಕ್‌ಫೀಲ್ಡ್ 1901 ಮತ್ತು 1902ರಲ್ಲಿ ಡರ್ಬಿ ಗೆದ್ದರು. ಆಮೇಲೆ ಯಾವ ಕಪ್ಪು ಜಾಕಿಯೂ ಅದನ್ನು ಗೆದ್ದಿಲ್ಲ. ಕೆಲಸ ಸಿಗದೆ ಅವರು ರಷ್ಯಾಕ್ಕೆ ಹೋದರು. ಜಾರ್ ದೊರೆಯ ಕಾಲದಲ್ಲಿ ಅಲ್ಲಿ ದೊಡ್ಡ ಹೆಸರು ಮಾಡಿದರು. ಕ್ರಾಂತಿಯಾದಮೇಲೆ, 1919ರಲ್ಲಿ, ಒಡೆಸಾದಿಂದ ಕುದುರೆಗಳ ದೊಡ್ಡ ಹಿಂಡನ್ನು ಹೊಡೆದುಕೊಂಡು ಪೋಲೆಂಡ್ ಸೇರಿದವರಲ್ಲಿ ಅವರೂ ಒಬ್ಬರು. ಕೊನೆಗೆ ಫ್ರಾನ್ಸ್‌ನಲ್ಲಿ ನೆಲೆ ನಿಂತರು. 1961ರಲ್ಲಿ ರೇಸಿನ ಪತ್ರಕರ್ತರು ಅವರನ್ನು ಲೂಯಿವಿಲ್‌ನ ಔತಣಕ್ಕೆ ಕರೆದರು. ಎರಡು ಸಲ ಡರ್ಬಿ ಗೆದ್ದ, 80ರ ಹತ್ತಿರದ ಆ ಹಿರಿಯರನ್ನು ಹೋಟೆಲಿನ ಮುಂಬಾಗಿಲಲ್ಲಿ ತಡೆದು ನಿಲ್ಲಿಸಿದರು. ಇದನ್ನು ಓದಿದಾಗ ನನಗೆ ಕೋಪಕ್ಕಿಂತ ಜಾಸ್ತಿ ಸಂಕಟವಾಯಿತು.

ಮೇಜರ್ ಟೇಲರ್ ಯಾರು?

ಸೈಕಲ್ ರೇಸಿನ ವಿಶ್ವ ಚಾಂಪಿಯನ್. ಹೆಸರು ಮಾರ್ಷಲ್ ಟೇಲರ್, ಹುಟ್ಟಿದ್ದು 1878ರಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ವಿಶ್ವ ಸ್ಪ್ರಿಂಟ್ ಪ್ರಶಸ್ತಿ ಗೆದ್ದರು. ಅವರಿಗಿಂತ ಮೊದಲು ವಿಶ್ವ ಚಾಂಪಿಯನ್ ಆಗಿದ್ದ ಕಪ್ಪು ಕ್ರೀಡಾಪಟು ಒಬ್ಬರೇ, ಕೆನಡಾದಲ್ಲಿ ಹುಟ್ಟಿದ ಬಾಕ್ಸರ್ ಜಾರ್ಜ್ ಡಿಕ್ಸನ್. ಅಮೆರಿಕದ ಸೈಕಲ್ ಸವಾರರ ಸಂಘ 1894ರಲ್ಲೇ ಕಪ್ಪು ಜನರಿಗೆ ಸದಸ್ಯತ್ವ ಇಲ್ಲ ಎಂದಿತ್ತು. ಟ್ರ್ಯಾಕ್ ಮೇಲೆ ಎದುರಾಳಿಗಳು ಗುಂಪು ಕಟ್ಟಿ ದಾರಿ ಅಡ್ಡಗಟ್ಟುತ್ತಿದ್ದರು. ಒಬ್ಬನಂತೂ ರೇಸ್ ಮುಗಿದಮೇಲೆ ಕತ್ತು ಹಿಸುಕಿದ್ದ.

ಟೇಲರ್ ದೈವಭಕ್ತರು. ಭಾನುವಾರ ರೇಸ್ ಮಾಡುವುದಿಲ್ಲ ಎಂದರೆ ಇಲ್ಲ, ಎಷ್ಟು ದುಡ್ಡು ಕೊಡುತ್ತೇವೆಂದರೂ ಇಲ್ಲ. ಯುರೋಪಿನಲ್ಲಿ ಭಾನುವಾರವೇ ದೊಡ್ಡ ರೇಸುಗಳು. 1901ರಲ್ಲಿ ಅವರಿಗಾಗಿ ಅಲ್ಲಿಯವರು ದಿನವನ್ನೇ ಬದಲಾಯಿಸಿದರು. 1932ರಲ್ಲಿ ಶಿಕಾಗೊದಲ್ಲಿ ಬಡತನದಲ್ಲಿ ತೀರಿಕೊಂಡರು. ಗುರುತಿಲ್ಲದ ಗುಂಡಿಯಲ್ಲಿ ಮಣ್ಣು ಮಾಡಿದ್ದರು. 1948ರಲ್ಲಿ ಹಳೆಯ ಸೈಕಲ್ ರೇಸಿನವರು ಸೇರಿ ಒಳ್ಳೆಯ ಜಾಗದಲ್ಲಿ ಸಮಾಧಿ ಮಾಡಿಸಿದರು.

ಬಾಕ್ಸಿಂಗ್‌ನಲ್ಲಿ ಜಾಕ್ ಜಾನ್ಸನ್ ಆದಮೇಲೆ ಇನ್ನೊಬ್ಬ ಕಪ್ಪು ಹೆವಿವೇಟ್ ಚಾಂಪಿಯನ್ ಬರಲು 22 ವರ್ಷ ಯಾಕೆ ಬೇಕಾಯಿತು?

ಅವಕಾಶವನ್ನೇ ಕೊಡಲಿಲ್ಲ, ಅದಕ್ಕೆ. ಜಾನ್ಸನ್ ಅವರಿಗೂ ಅಷ್ಟು ಸುಲಭಕ್ಕೆ ಸಿಕ್ಕಿರಲಿಲ್ಲ. ಚಾಂಪಿಯನ್ ಟಾಮಿ ಬರ್ನ್ಸ್ ಹಿಂದೆ ದೇಶ ದೇಶ ಅಲೆದು, ಕೊನೆಗೆ 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಅವರನ್ನು ಸೋಲಿಸಿದರು. ಬಿಳಿಯರ ಮಾನ ಉಳಿಸಬೇಕೆಂದು ನಿವೃತ್ತ ಚಾಂಪಿಯನ್ ಜಿಮ್ ಜೆಫ್ರೀಸ್ ಅವರನ್ನು ಮತ್ತೆ ಕಣಕ್ಕಿಳಿಸಿದರು. 1910ರ ಜುಲೈ 4ರಂದು ರೀನೊದಲ್ಲಿ ಜೆಫ್ರೀಸ್ 15ನೇ ಸುತ್ತಿನಲ್ಲಿ ಸೋತರು. ಅಂದು ರಾತ್ರಿ ಎಷ್ಟೋ ಊರುಗಳಲ್ಲಿ ಗಲಭೆಯಾಯಿತು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ.

ರಿಂಗಿನಲ್ಲಿ ಸೋಲಿಸಲಾಗದವರನ್ನು ಕೋರ್ಟಿಗೆ ಎಳೆದರು. ಬಿಳಿ ಹೆಂಗಸಿನ ಜೊತೆಗಿನ ಸಂಬಂಧದ ನೆಪದಲ್ಲಿ, 1913ರಲ್ಲಿ, ಬರೀ ಬಿಳಿಯರೇ ಇದ್ದ ಜ್ಯೂರಿ ಅವರನ್ನು ತಪ್ಪಿತಸ್ಥರೆಂದಿತು. ಸರ್ಕಾರ ಅದನ್ನು ಅಧಿಕೃತವಾಗಿ ಮಾಫಿ ಮಾಡಿದ್ದು 2018ರಲ್ಲಿ. ಜಾನ್ಸನ್ 1915ರಲ್ಲಿ ಪಟ್ಟ ಕಳೆದುಕೊಂಡಮೇಲೆ, 1937ರಲ್ಲಿ ಜೋ ಲೂಯಿಸ್ ಗೆಲ್ಲುವವರೆಗೆ, ಯಾವ ಕಪ್ಪು ಬಾಕ್ಸರ್‌ಗೂ ಆ ಪಟ್ಟಕ್ಕೆ ಹೋರಾಡಲು ಬಿಡಲಿಲ್ಲ. ಲೂಯಿಸ್ ಅವರ ಮ್ಯಾನೇಜರ್‌ಗಳು ಮೊದಲೇ ಕಟ್ಟುಪಾಡು ಹಾಕಿದ್ದರು. ಬಿದ್ದ ಎದುರಾಳಿಯ ಮುಂದೆ ನಗಬಾರದು. ಬಿಳಿ ಹೆಂಗಸರ ಜೊತೆ ಫೋಟೊ ತೆಗೆಸಿಕೊಳ್ಳಬಾರದು. ಗೆದ್ದ ಮನುಷ್ಯ ಖುಷಿ ಪಡುವುದಕ್ಕೂ ಲೆಕ್ಕ ಹಾಕಬೇಕಿತ್ತು.

ನೀಗ್ರೋ ಲೀಗ್ ಅಂದರೆ ಏನು? ಯಾರು ಕಟ್ಟಿದ್ದು?

ಮೇಜರ್ ಲೀಗ್ ಬಾಗಿಲು ಹಾಕಿದಮೇಲೆ ಕಪ್ಪು ಆಟಗಾರರು ತಮ್ಮದೇ ತಂಡ ಕಟ್ಟಿಕೊಂಡರು. 1885ರಲ್ಲಿ ನ್ಯೂಯಾರ್ಕ್ ಹತ್ತಿರ ಶುರುವಾದ ಕ್ಯೂಬನ್ ಜಯಂಟ್ಸ್ ಸಂಬಳ ಕೊಟ್ಟು ಆಡಿಸಿದ ಮೊದಲ ಕಪ್ಪು ತಂಡ. ಹೆಸರಿಗೆ ಕ್ಯೂಬನ್, ಆಡುತ್ತಿದ್ದವರು ಅಮೆರಿಕದವರೇ.

ಲೀಗ್ ಕಟ್ಟಿದವರು ರೂಬ್ ಫಾಸ್ಟರ್. ಒಳ್ಳೆಯ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು), ಶಿಕಾಗೊ ಅಮೆರಿಕನ್ ಜಯಂಟ್ಸ್ ತಂಡದ ಮಾಲೀಕ. 1920ರ ಫೆಬ್ರವರಿ 13ರಂದು ಕಾನ್ಸಾಸ್ ಸಿಟಿಯ ಒಂದು ವೈಎಂಸಿಎ ಕಟ್ಟಡದಲ್ಲಿ ತಂಡಗಳ ಮಾಲೀಕರನ್ನು ಸೇರಿಸಿ ನೀಗ್ರೋ ನ್ಯಾಷನಲ್ ಲೀಗ್ ಶುರು ಮಾಡಿದರು. ಎಂಟು ತಂಡ. ಅದಕ್ಕೂ ಮೊದಲು ಪಂದ್ಯ ಯಾವಾಗ, ಎಲ್ಲಿ ಅನ್ನುವುದನ್ನು ಬಿಳಿ ಏಜೆಂಟರು ಹೇಳುತ್ತಿದ್ದರು. ಗೇಟಿನ ದುಡ್ಡಿನಲ್ಲಿ ದೊಡ್ಡ ಪಾಲು ಅವರಿಗೇ ಹೋಗುತ್ತಿತ್ತು. ದುಡ್ಡು ನಮ್ಮ ಕೈಯಲ್ಲೇ ಇರಬೇಕು ಅನ್ನುವುದು ಫಾಸ್ಟರ್ ಹಟ. ಕ್ರೀಡೆಯಲ್ಲಿ ಘನತೆಯ ಬಗ್ಗೆ ತುಂಬಾ ಜನ ಮಾತಾಡುತ್ತಾರೆ. ಅದಕ್ಕೆ ಲೆಕ್ಕದ ಪುಸ್ತಕವೂ ಬೇಕು ಎಂದು ಅವರಿಗೆ ಗೊತ್ತಿತ್ತು.

1930ರಲ್ಲಿ ಫಾಸ್ಟರ್ ತೀರಿಕೊಂಡರು. ಆರ್ಥಿಕ ಕುಸಿತದಲ್ಲಿ ಲೀಗೂ ಮುಚ್ಚಿತು. 1933ರಲ್ಲಿ ಪಿಟ್ಸ್‌ಬರ್ಗ್‌ನ ಗಸ್ ಗ್ರೀನ್‌ಲೀ ಅದೇ ಹೆಸರಲ್ಲಿ ಮತ್ತೆ ಎಬ್ಬಿಸಿದರು. ಅವರ ಆದಾಯ ಬರುತ್ತಿದ್ದುದು ನಂಬರ್ ಜೂಜಿನಿಂದ, ನಮ್ಮ ಕಡೆಯ ಓಸಿ ಇದ್ದ ಹಾಗೆ. ಕಪ್ಪು ವ್ಯಾಪಾರಿಗಳಿಗೆ ಬ್ಯಾಂಕುಗಳು ಸಾಲ ಕೊಡದ ಕಾಲದಲ್ಲಿ ಬಂಡವಾಳ ಬೇರೆಲ್ಲಿಂದ ಬರಬೇಕಿತ್ತು? ಅದೇ ವರ್ಷ ಶಿಕಾಗೊದಲ್ಲಿ ಪೂರ್ವ–ಪಶ್ಚಿಮ ಆಲ್‌ಸ್ಟಾರ್ ಪಂದ್ಯ ಶುರುವಾಯಿತು. 1943ರಲ್ಲಿ ಅದನ್ನು ನೋಡಲು 50 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು.

ಆಟದ ಮಟ್ಟ ಹೇಗಿತ್ತು? ಸುಮ್ನೆ ಅಭಿಮಾನಕ್ಕೆ ಹೊಗಳುತ್ತಾರಾ?

ಇಲ್ಲ. ಸೀಸನ್ ಮುಗಿದಮೇಲೆ ಮೇಜರ್ ಲೀಗಿನ ಬಿಳಿ ಆಟಗಾರರು ಕಪ್ಪು ತಂಡಗಳ ಜೊತೆ ಪ್ರದರ್ಶನ ಪಂದ್ಯ ಆಡುತ್ತಿದ್ದರು. ಕಪ್ಪು ತಂಡಗಳು ಅವುಗಳಲ್ಲಿ ಬೇಕಾದಷ್ಟು ಗೆದ್ದಿವೆ. ಸ್ಯಾಚೆಲ್ ಪೇಜ್ ಅವರ ಪಿಚಿಂಗ್ ಎದುರಿಸಿದ ದೊಡ್ಡ ದೊಡ್ಡ ಬಿಳಿ ಬ್ಯಾಟರ್‌ಗಳೇ ಅವರನ್ನು ಹೊಗಳಿದ್ದಾರೆ. 1948ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಅವರನ್ನು ಸೇರಿಸಿಕೊಂಡಾಗ ಅವರಿಗೆ 42 ವರ್ಷ! ಆ ವಯಸ್ಸಿನಲ್ಲೂ ಆರು ಪಂದ್ಯ ಗೆಲ್ಲಿಸಿದರು, ತಂಡ ಮೇಜರ್ ಲೀಗಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಅವರ 25ನೇ ವಯಸ್ಸಿನ ಆಟವನ್ನು ಮೇಜರ್ ಲೀಗ್ ನೋಡಲೇ ಇಲ್ಲ.

ಹೊಸತನದಲ್ಲೂ ಮುಂದಿದ್ದರು. ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡ 1930ರಲ್ಲೇ ಲಾರಿ ಮೇಲೆ ದೀಪದ ಕಂಬಗಳನ್ನು ಹೇರಿಕೊಂಡು ಊರೂರು ಸುತ್ತಿ ರಾತ್ರಿ ಪಂದ್ಯ ಆಡುತ್ತಿತ್ತು. ಮೇಜರ್ ಲೀಗಿನ ಮೊದಲ ರಾತ್ರಿ ಪಂದ್ಯ ನಡೆದದ್ದು 1935ರಲ್ಲಿ.

ಬಾಸ್ಕೆಟ್‌ಬಾಲ್‌ನಲ್ಲಿ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಬಿಟ್ಟರೆ ಬೇರೆ ಕಪ್ಪು ತಂಡ ಇತ್ತಾ?

ಇತ್ತು. ನನಗೆ ಕೇಳಿದರೆ ಅದರ ಕಥೆಯೇ ಜಾಸ್ತಿ ದೊಡ್ಡದು. ನ್ಯೂಯಾರ್ಕ್ ರೆನೈಸಾನ್ಸ್, ಎಲ್ಲರ ಬಾಯಲ್ಲಿ ‘ರೆನ್ಸ್’. 1923ರಲ್ಲಿ ಬಾಬ್ ಡಗ್ಲಸ್, ನ್ಯೂಯಾರ್ಕ್‌ನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಶುರು ಮಾಡಿದರು. ಅವರು ಕೆರಿಬಿಯನ್‌ನ ಸೇಂಟ್ ಕಿಟ್ಸ್ ದ್ವೀಪದಿಂದ ಬಂದವರು. ಪಂದ್ಯ ನಡೆಯುತ್ತಿದ್ದುದು ರೆನೈಸಾನ್ಸ್ ಎಂಬ ಡಾನ್ಸ್ ಹಾಲಿನಲ್ಲಿ. ಆಟ ಮುಗಿದಮೇಲೆ ಬ್ಯಾಂಡ್, ಕುಣಿತ. 1932–33ರಲ್ಲಿ ಸತತವಾಗಿ 88 ಪಂದ್ಯ ಗೆದ್ದರು. 1939ರಲ್ಲಿ ಶಿಕಾಗೊದಲ್ಲಿ ನಡೆದ ಮೊದಲ ವಿಶ್ವ ವೃತ್ತಿಪರ ಟೂರ್ನಿಯ ಫೈನಲ್‌ನಲ್ಲಿ ಬಿಳಿಯರ ಆಶ್‌ಕಾಶ್ ತಂಡವನ್ನು 34–25ರಿಂದ ಸೋಲಿಸಿದರು. ಊರೂರು ಸುತ್ತುವಾಗ ಹೋಟೆಲುಗಳು ಇವರಿಗೆ ಕೋಣೆ ಕೊಡುತ್ತಿರಲಿಲ್ಲ. ಎಷ್ಟೋ ರಾತ್ರಿ ಬಸ್ಸಿನಲ್ಲೇ ಮಲಗಿ, ಬಸ್ಸಿನಲ್ಲೇ ತಿಂದು, ಮರುದಿನ ಮತ್ತೆ ಆಡುತ್ತಿದ್ದರು.

ಗ್ಲೋಬ್‌ಟ್ರಾಟರ್ಸ್ ಹುಟ್ಟಿದ್ದು ಶಿಕಾಗೊದಲ್ಲಿ, ಹಾರ್ಲೆಮ್‌ನಲ್ಲಿ ಅಲ್ಲ. ಅವರು ಬರೀ ನಗಿಸುವ ತಂಡವೂ ಆಗಿರಲಿಲ್ಲ. 1948ರ ಫೆಬ್ರವರಿ 19ರಂದು, ಆಗಿನ ದೊಡ್ಡ ಬಿಳಿ ತಾರೆ ಜಾರ್ಜ್ ಮೈಕನ್ ಇದ್ದ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಕೊನೇ ಕ್ಷಣದ ಎಸೆತದಲ್ಲಿ 61–59ರಿಂದ ಸೋಲಿಸಿದರು. ಎರಡು ವರ್ಷದಲ್ಲಿ ಬಾಸ್ಕೆಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಬಿಎ ಬಾಗಿಲು ತೆರೆಯಿತು. 1950ರಲ್ಲಿ ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್, ಅರ್ಲ್ ಲಾಯ್ಡ್ ಮೂವರೂ ಬಂದರು. ಅಕ್ಟೋಬರ್ 31ರಂದು ಮೊದಲು ಅಂಗಳಕ್ಕಿಳಿದವರು ಲಾಯ್ಡ್.

‘ಗುಟ್ಟಿನ ಪಂದ್ಯ’ ಅಂತ ಕೇಳಿದ್ದೇವೆ. ಅದು ನಿಜವೇ?

ನಿಜ. 1944ರ ಮಾರ್ಚ್ 12, ಭಾನುವಾರ ಬೆಳಿಗ್ಗೆ. ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ ಊರಿಗೆ ಊರೇ ಚರ್ಚಿನಲ್ಲಿತ್ತು. ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳ ಬಿಳಿ ತಂಡ ಕಾರುಗಳಲ್ಲಿ ಸುತ್ತು ದಾರಿ ಹಿಡಿದು ಕಪ್ಪು ವಿದ್ಯಾರ್ಥಿಗಳ ಕಾಲೇಜಿನ ಜಿಮ್‌ಗೆ ಬಂತು. ಬಾಗಿಲಿಗೆ ಚಿಲಕ. ಒಳಗೆ ರೆಫರಿ, ಗಡಿಯಾರ ಎಲ್ಲ ಇತ್ತು. ಅಲ್ಲಿ ಇಬ್ಬರೂ ಸೇರಿ ಆಡುವುದೇ ಅಪರಾಧ. ಕಪ್ಪು ಹುಡುಗರು 88–44ರಿಂದ ಗೆದ್ದರು. ಆಮೇಲೆ ಎರಡೂ ತಂಡದವರು ಬೆರೆತು ಇನ್ನೊಂದು ಪಂದ್ಯ ಆಡಿದರು. ಅದೇ ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ.

ಗೆದ್ದವರ ಕೋಚ್ ಜಾನ್ ಮೆಕ್‌ಲೆಂಡನ್. ಬಾಸ್ಕೆಟ್‌ಬಾಲ್ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರ ಹತ್ತಿರ ಕಾನ್ಸಾಸ್‌ನಲ್ಲಿ ಕಲಿತವರು. ಆದರೆ ಆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಲು ಅವರನ್ನು ಬಿಡಲಿಲ್ಲ. ಈ ಪಂದ್ಯದ ವಿಷಯ ಹೊರಜಗತ್ತಿಗೆ ಗೊತ್ತಾಗಲು ಸುಮಾರು 50 ವರ್ಷ ಹಿಡಿಯಿತು.

ಬರ್ಲಿನ್‌ನಲ್ಲಿ ಹಿಟ್ಲರ್ ಜೆಸ್ಸಿ ಓವೆನ್ಸ್ ಕೈ ಕುಲುಕಲಿಲ್ಲ ಅನ್ನುತ್ತಾರಲ್ಲ?

1936ರಲ್ಲಿ ಓವೆನ್ಸ್ ನಾಲ್ಕು ಚಿನ್ನ ಗೆದ್ದರು: 100 ಮೀಟರ್, 200 ಮೀಟರ್, ಲಾಂಗ್ ಜಂಪ್, ರಿಲೇ. ಹಿಟ್ಲರ್ ಮೊದಲ ದಿನ ಕೆಲವರನ್ನು ಮಾತ್ರ ಅಭಿನಂದಿಸಿದ್ದ. ಎಲ್ಲರನ್ನೂ ಅಭಿನಂದಿಸಿ, ಇಲ್ಲವೇ ಯಾರನ್ನೂ ಬೇಡ ಎಂದು ಒಲಿಂಪಿಕ್ ಸಮಿತಿ ಹೇಳಿತು. ಓವೆನ್ಸ್ ಗೆಲ್ಲುವ ಹೊತ್ತಿಗೆ ಅವನು ಎಲ್ಲರ ಎದುರು ಕೈ ಕುಲುಕುವುದನ್ನೇ ನಿಲ್ಲಿಸಿದ್ದ. ಅದು ಅವನ ಒಳ್ಳೆಯತನವೇನಲ್ಲ. ಆದರೆ ಓವೆನ್ಸ್ ಅವರಿಗೆ ಜಾಸ್ತಿ ನೋವಾದದ್ದು ಬೇರೆ ಕಡೆ. ತಮ್ಮದೇ ದೇಶದ ಅಧ್ಯಕ್ಷ ರೂಸ್‌ವೆಲ್ಟ್ ಒಂದು ತಂತಿ ಕೂಡ ಕಳಿಸಲಿಲ್ಲ ಎಂದು ಅವರೇ ಹೇಳಿದ್ದಾರೆ. ನ್ಯೂಯಾರ್ಕ್‌ನಲ್ಲಿ ಅವರ ಗೌರವಕ್ಕೇ ಇಟ್ಟ ಸಮಾರಂಭಕ್ಕೆ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಹೋಗಬೇಕಾಯಿತು. ಹೊಟ್ಟೆಪಾಡಿಗೆ ಕುದುರೆಗಳ ಜೊತೆ ಓಡಿದರು.

ಅದೇ 200 ಮೀಟರ್‌ನಲ್ಲಿ ಬೆಳ್ಳಿ ಗೆದ್ದವರು ಮ್ಯಾಕ್ ರಾಬಿನ್ಸನ್, ಜಾಕಿ ರಾಬಿನ್ಸನ್ ಅವರ ಅಣ್ಣ.

ಹೆಣ್ಣುಮಕ್ಕಳ ಹೆಸರು ಯಾಕೆ ಕಡಿಮೆ ಕೇಳುತ್ತದೆ?

ಅವರಿಗೆ ಎರಡೆರಡು ಬಾಗಿಲು ಮುಚ್ಚಿತ್ತು. ಟೈಡಿ ಪಿಕೆಟ್ ಮತ್ತು ಲೂಯಿಸ್ ಸ್ಟೋಕ್ಸ್ 1932ರ ಒಲಿಂಪಿಕ್ ರಿಲೇ ತಂಡಕ್ಕೆ ಆಯ್ಕೆಯಾಗಿದ್ದರು. ಕೊನೆಗೆ ಅವರನ್ನು ಕೂರಿಸಿ ಬಿಳಿ ಓಟಗಾರ್ತಿಯರನ್ನು ಓಡಿಸಿದರು. ಪಿಕೆಟ್ 1936ರಲ್ಲಿ ಹರ್ಡಲ್ಸ್ ಓಡಿ, ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಅಮೆರಿಕದ ಮೊದಲ ಕಪ್ಪು ಮಹಿಳೆಯಾದರು.

1948ರಲ್ಲಿ ಲಂಡನ್‌ನಲ್ಲಿ ಆಲಿಸ್ ಕೋಚ್‌ಮನ್ 1.68 ಮೀಟರ್ ಎತ್ತರ ಜಿಗಿದು ಚಿನ್ನ ಗೆದ್ದರು. ಯಾವ ದೇಶದ ಕಪ್ಪು ಮಹಿಳೆಗೂ ಅದೇ ಮೊದಲ ಒಲಿಂಪಿಕ್ ಚಿನ್ನ. ಹುಟ್ಟೂರು ಆಲ್ಬನಿಯಲ್ಲಿ ಸನ್ಮಾನ ಇಟ್ಟರು. ಬಿಳಿಯರು ಒಂದು ಕಡೆ, ಕಪ್ಪು ಜನ ಇನ್ನೊಂದು ಕಡೆ. ಮೇಯರ್ ಅವರ ಕೈ ಕುಲುಕಲಿಲ್ಲ.

ಟೆನಿಸ್‌ನ ಆಲ್ತಿಯಾ ಗಿಬ್ಸನ್ ಅವರಿಗೆ 1950ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಬಾಗಿಲು ತೆರೆಯಿತು. ಹಳೆಯ ಚಾಂಪಿಯನ್ ಆಲಿಸ್ ಮಾರ್ಬಲ್ ಅವರ ಪರವಾಗಿ ಒಂದು ಟೆನಿಸ್ ಪತ್ರಿಕೆಯಲ್ಲಿ ಖಾರವಾಗಿ ಬರೆದಿದ್ದರು. 1956ರಲ್ಲಿ ಫ್ರೆಂಚ್, 1957 ಮತ್ತು 1958ರಲ್ಲಿ ವಿಂಬಲ್ಡನ್ ಹಾಗೂ ಅಮೆರಿಕದ ಪ್ರಶಸ್ತಿ ಗಿಬ್ಸನ್ ಪಾಲಾದವು.

1947ರಲ್ಲಿ ಬಾಗಿಲು ತೆರೆದದ್ದು ಬ್ರಾಂಚ್ ರಿಕಿ ಅವರ ದೊಡ್ಡ ಮನಸ್ಸಿನಿಂದಲಾ?

ರಾಬಿನ್ಸನ್ ಅವರನ್ನು ಸೇರಿಸಿಕೊಂಡ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಸ್ಥ ರಿಕಿ. ಅವರ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಅವರೊಬ್ಬರಿಂದಲೇ ಆಗಲಿಲ್ಲ. ವೆಂಡೆಲ್ ಸ್ಮಿತ್, ಸ್ಯಾಮ್ ಲೇಸಿಯಂಥ ಕಪ್ಪು ಪತ್ರಕರ್ತರು ವರ್ಷಗಟ್ಟಲೆ ಬರೆದರು. ಕಪ್ಪು ಸೈನಿಕರು ಯುದ್ಧ ಮುಗಿಸಿ ಬಂದಿದ್ದರು. ಕೆಲಸದಲ್ಲಿ ಬಣ್ಣ ನೋಡಬಾರದೆಂದು ನ್ಯೂಯಾರ್ಕ್ ರಾಜ್ಯ 1945ರಲ್ಲಿ ಕಾನೂನು ಮಾಡಿತ್ತು. ಇಷ್ಟೆಲ್ಲ ಒತ್ತಡ ಇತ್ತು.

ರಾಬಿನ್ಸನ್ ತಲೆಬಾಗುವವರಾಗಿರಲಿಲ್ಲ. 1944ರಲ್ಲಿ, ಸೈನ್ಯದಲ್ಲಿದ್ದಾಗ, ಬಸ್ಸಿನ ಹಿಂದಿನ ಸೀಟಿಗೆ ಹೋಗು ಅಂದಾಗ ಒಪ್ಪಲಿಲ್ಲ. ಸೈನಿಕ ವಿಚಾರಣೆ ನಡೆಯಿತು, ನಿರ್ದೋಷಿ ಎಂದಾಯಿತು. ಅಂಥವರು 1947ರ ಏಪ್ರಿಲ್ 15ರಿಂದ ಬ್ರೂಕ್ಲಿನ್ ಡಾಡ್ಜರ್ಸ್ ಅಂಗಿ ತೊಟ್ಟು, ಬೈಗುಳ, ಬೆದರಿಕೆ ಪತ್ರ ಎಲ್ಲವನ್ನೂ ತಿರುಗಿ ಮಾತಾಡದೆ ಸಹಿಸಿದರು. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಅವರೇ. 1949ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ. ಅದೇ 1947ರ ಜುಲೈನಲ್ಲಿ ಲ್ಯಾರಿ ಡೋಬಿ ಕ್ಲೀವ್‌ಲ್ಯಾಂಡ್‌ಗೆ ಆಡಿದರು. ಅವರೂ ಅಷ್ಟೇ ಕಷ್ಟ ಪಟ್ಟರು, ಆದರೆ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಕೊನೆಯದಾಗಿ ಬಾಗಿಲು ತೆರೆದ ತಂಡ ಬೋಸ್ಟನ್ ರೆಡ್ ಸಾಕ್ಸ್, ಅದೂ 1959ರಲ್ಲಿ.

ಆಮೇಲೆ ನೀಗ್ರೋ ಲೀಗ್ ಏನಾಯಿತು?

ಒಳ್ಳೆಯ ಆಟಗಾರರು ಹೋದರು, ಅವರ ಹಿಂದೆ ಪ್ರೇಕ್ಷಕರೂ ಹೋದರು. 1948ರ ಸೀಸನ್ ಆದಮೇಲೆ ನೀಗ್ರೋ ನ್ಯಾಷನಲ್ ಲೀಗ್ ಮುಚ್ಚಿತು. ರಾಬಿನ್ಸನ್ ಅವರನ್ನು ಕರೆದುಕೊಂಡು ಹೋದ ರಿಕಿ, ಅವರ ಹಳೆಯ ತಂಡ ಮೊನಾರ್ಕ್ಸ್‌ಗೆ ಒಂದು ಡಾಲರ್ ಕೂಡ ಕೊಡಲಿಲ್ಲ. ನ್ಯೂವಾರ್ಕ್ ಈಗಲ್ಸ್ ತಂಡದ ಒಡತಿ ಎಫಾ ಮ್ಯಾನ್ಲಿ ಇದನ್ನು ಬಾಯಿ ಬಿಟ್ಟು ಪ್ರಶ್ನಿಸಿದರು. ಡೋಬಿಗಾಗಿ ಕ್ಲೀವ್‌ಲ್ಯಾಂಡ್‌ನಿಂದ 15 ಸಾವಿರ ಡಾಲರ್ ಪಡೆದರು. ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೊದಲ ಮಹಿಳೆ ಅವರೇ, 2006ರಲ್ಲಿ. ಸಮಾನತೆ ಬಂತು, ನಿಜ. ಆದರೆ ಕಪ್ಪು ಮಾಲೀಕರು, ಮ್ಯಾನೇಜರ್‌ಗಳು, ಅಂಪೈರ್‌ಗಳು ತಮ್ಮ ಕೆಲಸ ಕಳೆದುಕೊಂಡರು. ಆಟಗಾರರಿಗೆ ತೆರೆದ ಬಾಗಿಲು ಇವರಿಗೆ ಆಗ ತೆರೆಯಲಿಲ್ಲ.

ಅಮೆರಿಕನ್ ಫುಟ್‌ಬಾಲ್, ಐಸ್ ಹಾಕಿ?

ಫುಟ್‌ಬಾಲ್‌ನಲ್ಲಿ ಅದೇ ಕಥೆ. 1920ರಲ್ಲೇ ಫ್ರಿಟ್ಜ್ ಪೊಲಾರ್ಡ್ ಆಡಿದ್ದರು, 1921ರಲ್ಲಿ ಕೋಚ್ ಕೂಡ ಆದರು. 1934ರಿಂದ 1945ರವರೆಗೆ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇಲ್ಲ. 1946ರಲ್ಲಿ ಕೆನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಲಾಸ್ ಏಂಜಲಿಸ್ ರಾಮ್ಸ್ ಸೇರಿದರು. ಸಾರ್ವಜನಿಕರ ದುಡ್ಡಿನ ಸ್ಟೇಡಿಯಂ ಬೇಕಾದರೆ ಎಲ್ಲರನ್ನೂ ಸೇರಿಸಿಕೊಳ್ಳಿ ಎಂದು ಅಲ್ಲಿನ ಕಪ್ಪು ಪತ್ರಕರ್ತರು ಪಟ್ಟು ಹಿಡಿದಿದ್ದರು. ಎನ್‌ಎಚ್‌ಎಲ್ ಹಾಕಿಗೆ ಕೆನಡಾದ ವಿಲ್ಲಿ ಓ’ರೀ ಬಂದದ್ದು 1958ರಲ್ಲಿ. ಅವರ ಒಂದು ಕಣ್ಣಿಗೆ ದೃಷ್ಟಿ ಇರಲಿಲ್ಲ. ಅದನ್ನು ಗುಟ್ಟಾಗಿಟ್ಟೇ ಆಡಿದರು.

ಇವರಲ್ಲಿ ಯಾರಾದರೂ ಭಾರತಕ್ಕೆ ಬಂದಿದ್ದರಾ?

ಬಂದಿದ್ದರು. 1955ರಲ್ಲಿ ಜೆಸ್ಸಿ ಓವೆನ್ಸ್ ಅವರನ್ನು ಅಮೆರಿಕ ಸರ್ಕಾರ ಸದ್ಭಾವನಾ ಪ್ರವಾಸಕ್ಕೆ ಇಲ್ಲಿಗೆ ಕಳಿಸಿತ್ತು. ಅಂಥದೇ ಪ್ರವಾಸದಲ್ಲಿ ಆಲ್ತಿಯಾ ಗಿಬ್ಸನ್ ಕೂಡ ಬಂದರು. ಇಲ್ಲೇ ಅವರಿಗೆ ಇಂಗ್ಲೆಂಡಿನ ಯಹೂದಿ ಆಟಗಾರ್ತಿ ಏಂಜೆಲಾ ಬಕ್ಸ್‌ಟನ್ ಸ್ನೇಹವಾಯಿತು. ಇಬ್ಬರನ್ನೂ ಅವರವರ ದೇಶದ ಕ್ಲಬ್ಬುಗಳು ದೂರ ಇಟ್ಟಿದ್ದವು. ಮುಂದಿನ ವರ್ಷ ಇಬ್ಬರೂ ಜೊತೆಯಾಗಿ ಫ್ರೆಂಚ್ ಮತ್ತು ವಿಂಬಲ್ಡನ್ ಡಬಲ್ಸ್ ಗೆದ್ದರು.

ನೀಗ್ರೋ ಲೀಗಿನ ದಾಖಲೆಗಳನ್ನು ಈಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ?

ತೆಗೆದುಕೊಳ್ಳುತ್ತಾರೆ. 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳನ್ನು ಮೇಜರ್ ಲೀಗ್ ಎಂದೇ ಪರಿಗಣಿಸುವುದಾಗಿ 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್‌ನವರು ಹೇಳಿದರು. 2024ರ ಮೇ ತಿಂಗಳಲ್ಲಿ ಅಂಕಿಗಳನ್ನು ಒಟ್ಟಿಗೆ ಸೇರಿಸಿದರು. ಆಗ ನೀಗ್ರೋ ಲೀಗಿನ ಜಾಶ್ ಗಿಬ್ಸನ್ ಅವರ .372 ಬ್ಯಾಟಿಂಗ್ ಸರಾಸರಿ (ಸಾವಿರ ಸಲ ಬ್ಯಾಟ್ ಹಿಡಿದರೆ 372 ಹಿಟ್ ಎಂಬ ಲೆಕ್ಕ) ಮೇಜರ್ ಲೀಗಿನ ಟೈ ಕಾಬ್ ಅವರ .367ನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ಜಾಶ್ ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ, 35ನೇ ವಯಸ್ಸಿಗೆ. ರಾಬಿನ್ಸನ್ ಮೈದಾನಕ್ಕಿಳಿಯಲು ಇನ್ನು ಮೂರೇ ತಿಂಗಳಿತ್ತು.

ಅಮೆರಿಕದಲ್ಲಿದ್ದೇವೆ, ಮಕ್ಕಳಿಗೆ ತೋರಿಸಲು ಜಾಗ ಹೇಳಿ.

ಕಾನ್ಸಾಸ್ ಸಿಟಿಯ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಮೊದಲು ನೋಡಿ. ಫಾಸ್ಟರ್ ಸಭೆ ಸೇರಿಸಿದ ವೈಎಂಸಿಎ ಕಟ್ಟಡ ಅಲ್ಲೇ ಹತ್ತಿರದಲ್ಲಿದೆ. ನ್ಯೂಯಾರ್ಕ್‌ನಲ್ಲಿ 2022ರಲ್ಲಿ ತೆರೆದ ಜಾಕಿ ರಾಬಿನ್ಸನ್ ಮ್ಯೂಸಿಯಂ ಇದೆ. ಬೋಸ್ಟನ್ ಕಡೆ ಇರುವವರು ವೂಸ್ಟರ್‌ಗೆ ಹೋದರೆ, ಸಾರ್ವಜನಿಕ ಗ್ರಂಥಾಲಯದ ಎದುರು ಮೇಜರ್ ಟೇಲರ್ ಸ್ಮಾರಕ ಸಿಗುತ್ತದೆ. ಐಸಾಕ್ ಮರ್ಫಿ ಅವರ ಸಮಾಧಿ ಇರುವುದು ಲೆಕ್ಸಿಂಗ್ಟನ್‌ನ ಕೆಂಟಕಿ ಹಾರ್ಸ್ ಪಾರ್ಕ್‌ನಲ್ಲಿ.